ಊಟ ಆತ್ರಿ ಅಂದವಳ ಡಿಸ್ಚಾರ್ಜ್

ಅವ್ವನ ಒಂದು ಕಾಲು ಬಸ್ಸಿನ ಮೆಟ್ಟಿಲ ಮೇಲೆ, ಇನ್ನೊಂದು ನೆಲದ ಮೇಲೆ. ಸಂತೆಗೆ ಬಂದವಳನ್ನು ಬೈಲಹೊಂಗಲ ನಿಲ್ದಾಣದಲ್ಲಿ ಯರಗಟ್ಟಿ ಬಸ್ಸು ಹತ್ತಿಸುತ್ತಿದ್ದೆ. ಬಸ್ಸು ಆಗಲೇ ಅಲುಗಿತ್ತು. ಕಂಬಿ ಹಿಡಿದಿದ್ದ ಅವಳ ಕೈ ಸುಮ್ಮನೆ ಬಿಚ್ಚಿಕೊಂಡಿತು. ಹೇಗೆ ತಬ್ಬಿ ಎಳೆದುಕೊಂಡೆನೋ ಗೊತ್ತಿಲ್ಲ. ಆ ಕೈ ಮಾತ್ರ, ಒಗ್ಗರಣೆ ಹಾಕುವಾಗಲೂ, ಕಣ್ಣೆದುರು ಬಂದು ಬಿಚ್ಚಿಕೊಳ್ಳುತ್ತದೆ.

ಶುಗರ್ ಪೂರ್ತಿ ಇಳಿದಿದೆ ಅಂದರು ಆಸ್ಪತ್ರೆಯಲ್ಲಿ. ಗ್ಲೂಕೋಸ್ ಏರಿಸಿದರು. ಅವ್ವ ಕಣ್ಣು ಬಿಟ್ಟವಳೇ, "ನನ್ನ ಚಪ್ಪಲಿ ಎಲ್ಲದಾವು?" ಅಂದಳು. (ಒಂದು ಚಪ್ಪಲಿ ಬಸ್ಸಿನ ಜೊತೆ ಯರಗಟ್ಟಿಗೆ ಹೋಗಿತ್ತು.)

"ಶುಗರಿನ ಗುಳಿಗಿ ತೊಗೊಂಡು ಊಟ ಮಾಡಿದ್ದಿರೇನಬೇ?" ಡಾಕ್ಟರು ಕೇಳಿದರು.

"ಆಗಿತ್ರಿ." ನಿಲ್ದಾಣದಲ್ಲಿ ನನಗೂ ಅದನ್ನೇ ಹೇಳಿದ್ದಳು.

ಮರುದಿನ ಶುಗರ್ ಸರಿಯಿತ್ತು. ಹಳೆಯ ಗುಳಿಗೆಯನ್ನೇ ಬರೆದು ಡಿಸ್ಚಾರ್ಜ್ ಅಂದರು. ಆದರೆ ಹೊರಡುವಂತಿಲ್ಲ! ಫಾರ್ಮಸಿಸ್ಟ್ ನೋಡಬೇಕಂತೆ. ಫಾರ್ಮಸಿಸ್ಟ್ ಅಂದರೆ ಕಿಟಕಿಯ ಆಚೆ ಕೂತು ಔಷಧಿ ಕೊಡುವವರಲ್ಲವೇ? ಇಲ್ಲಿ ಅವರೇ ಮಂಚದ ಹತ್ತಿರ ಬರುತ್ತಾರೆ. ಅವರು ಹೂಂ ಅನ್ನದೆ ಯಾರೂ ಮನೆಗೆ ಹೋಗುವಂತಿಲ್ಲ.

ಬಂದವರು ಮುರಗೋಡದ ಹೆಣ್ಣುಮಗಳು. ಸ್ಟೂಲ್ ಎಳೆದುಕೊಂಡು ಕೂತು ಕೇಳಿದರು, "ನಿನ್ನಿ ಏನ್ ಉಂಡಿದ್ರಿ, ಅವ್ವಾರ?"

ಅವ್ವ ಸೆರಗು ಸರಿಮಾಡಿಕೊಂಡಳು. "ನಿನ್ನಿ ಮಂಗಳವಾರರಿ. ಎಲ್ಲಮ್ಮನ ವಾರ. ರಾತ್ರಿ ಅಷ್ಟ ಉಣ್ಣತೇನಿ. ಗುಳಿಗಿ ಮುಂಜಾನಿನ ನುಂಗಿದ್ದೆ."

"ಮತ್ತ ಡಾಕ್ಟರ ಮುಂದ ಆಗೇತಿ ಅಂದ್ರಲ್ಲ?"

"ಊಟ ಆತೇನು ಅಂತ ಕೇಳಿದವರಿಗೆ ಇಲ್ಲ ಅನ್ನಾಕ ಬರತೈತೇನ ಯವ್ವಾ? ಪಾಪ, ಅವರು ಎಲ್ಲಿಂದ ಬಡಸಬೇಕು?"

ನಗಬೇಕೋ ಅಳಬೇಕೋ? ನಮ್ಮ ಕಡೆ ಅದು ಪ್ರಶ್ನೆಯಲ್ಲ, ನಮಸ್ಕಾರ. ಹೊಟ್ಟೆ ಖಾಲಿ ಇದ್ದರೂ 'ಆತ್ರಿ' ಅನ್ನುವುದೇ ಮರ್ಯಾದೆ. ಹಳೆಯ ಗುಳಿಗೆಯನ್ನೇ ಹಿಡಿದು ಮನೆಗೆ ಹೋಗಿದ್ದರೆ, ಆ ಮರ್ಯಾದೆಗಾಗಿ ಮುಂದಿನ ಮಂಗಳವಾರ ಇನ್ನೊಂದು ಬಸ್ಸು ಕಾಯುತ್ತಿತ್ತು.

ಫಾರ್ಮಸಿಸ್ಟ್ ಅಲ್ಲಿಂದಲೇ ಡಾಕ್ಟರಿಗೆ ಫೋನ್ ಮಾಡಿದರು. ಖಾಲಿ ಹೊಟ್ಟೆಯಲ್ಲಿ ಶುಗರನ್ನು ಹೀಗೆ ಬೀಳಿಸದ ಬೇರೆ ಗುಳಿಗೆ ಸೂಚಿಸಿದರು. ಡಾಕ್ಟರು ಬಂದು, ಒಪ್ಪಿ, ಚೀಟಿ ಬದಲಿಸಿ ಸಹಿ ಹಾಕಿದರು.

"ಹಂಗಾದ್ರ ಒಪ್ಪತ್ತ ಬಿಡಬೇಕೇನ್ರಿ?" ಅವ್ವನ ಮುಖ ಸಣ್ಣದಾಯಿತು.

"ಮುಂಜಾನಿ ಒಂದ್ ರೊಟ್ಟಿ ತಿನ್ರಿ, ಅದರ ಕೂಡ ಗುಳಿಗಿ. ಎಲ್ಲಮ್ಮಗ ನಾ ಹೇಳತೇನಿ," ಅಂದರು ಫಾರ್ಮಸಿಸ್ಟ್.

ಅವ್ವ ಬಾಯಿ ತುಂಬ ನಕ್ಕಳು. ಹೊರಡುವಾಗ ಡಾಕ್ಟರ ಕಡೆ ತಿರುಗಿದಳು. "ನಿಮ್ದ ಊಟ ಆತೇನ್ರಿ, ಸಾಹೇಬ್ರ?"

"ಆತಬೇ."

"ಏನ್ ಉಂಡ್ರಿ?"

ಡಾಕ್ಟರು ಗಡಿಯಾರ ನೋಡಿದರು. ಇಡೀ ವಾರ್ಡು ನಕ್ಕಿತು.

ಅಂದಹಾಗೆ, ನಿಮ್ಮದು ಊಟ ಆಯಿತೇ? ಏನು ಉಂಡಿರಿ?