ಲಗೂ ಬರ್ರಿ

ಭೀಮಶಿ ಮೂಡಲಗಿ–ಗೋಕಾಕ ದಾರಿಯಲ್ಲಿ ಟಂಟಂ ಆಟೋ ಹೊಡೆಯುತ್ತಿದ್ದ. ಬಸ್ಸಿಗಿಂತ ಮುಂದೆ ಓಡಿ, ಅದಕ್ಕೆ ಕಾದು ನಿಂತವರನ್ನೆಲ್ಲ ತಾನೇ ತುಂಬಿಕೊಳ್ಳುವವನು. ಹಿಂದೆ ಕುಳಿತವರು ದೇವರ ಹೆಸರು ಹೇಳಿದಷ್ಟೂ ಇವನು ಹಾಡಿನ ಸದ್ದು ಏರಿಸುವನು. ಹೆಂಡತಿ ಉದ್ದವ್ವ ಬೆಳಿಗ್ಗೆ ರೊಟ್ಟಿ ಕಟ್ಟಿಕೊಡುವಾಗ ಹೇಳುತ್ತಿದ್ದುದು ಒಂದೇ ಮಾತು.

“ಸಾವಕಾಶ ಹೋಗ್ರಿ.”

“ಸಾವಕಾಶ ಹೋದ್ರ ಹೊಟ್ಟಿ ತುಂಬತೈತೇನ?” ಎಂದು ನಕ್ಕು ಹೋಗುತ್ತಿದ್ದ.

ಉದ್ದವ್ವನ ತವರು ಹುಕ್ಕೇರಿ. ಹೆತ್ತದ್ದು ಅಲ್ಲೇ. ಹೆಣ್ಣು ಕೂಸು, ವಿದ್ಯಾ ಎಂದು ಹೆಸರಿಟ್ಟರು. ಐದನೆಯ ತಿಂಗಳಲ್ಲಿ ಭೀಮಶಿ ತನ್ನ ಟಂಟಂ ತಂದು ತಾಯಿ, ಕೂಸು, ತೊಟ್ಟಿಲು ಎಲ್ಲ ಹೇರಿಕೊಂಡ. ಅವತ್ತು ತುಂಬಿದ ಕೊಡ ಹೊತ್ತವರ ಹಾಗೆ ಗಾಡಿ ಹೊಡೆದ. ರಸ್ತೆ ಉಬ್ಬಿದಲ್ಲೆಲ್ಲ ನಿಲ್ಲಿಸಿ ಹೊರಳಿ ನೋಡಿದ. ಎರಡು ತಾಸಿನ ದಾರಿ ನಾಲ್ಕು ತಾಸಾಯಿತು.

ಆಮೇಲೆ ಗಾಡಿಯಲ್ಲಿ ಕೂಸು ಇರಲಿ ಬಿಡಲಿ, ಅದೇ ನಡಿಗೆ. ಹಾಡು ಬಂದ್. ಫೋನು ಬಂದರೆ ಬದಿಗೆ ನಿಲ್ಲಿಸಿಯೇ ಎತ್ತುವನು. ಬಾಜೂ ಗಾಡಿಯ ಕಲ್ಲಪ್ಪ ಸ್ಟ್ಯಾಂಡಿನಲ್ಲಿ ಕೂಗುತ್ತಿದ್ದ:

“ಭೀಮಶಿದು ಎತ್ತಿನ ಬಂಡಿ, ಹತ್ತಬ್ಯಾಡ್ರೆಪಾ! ಗೋಕಾಕ ಮುಟ್ಟೂದ್ರಾಗ ಅವನ ಮಗಳು ಸಾಲಿಗಿ ಹೋಗತಾಳ!”

ಮೊದಮೊದಲು ಉದ್ದವ್ವನಿಗೆ ಹಿಗ್ಗು. ಬರಬರುತ್ತ ಬೇಸರ. ಊಟಕ್ಕೆ ತಡ, ಸಂತೆಗೆ ತಡ, ಮದುವೆಗೆ ಹೋದರೆ ಅಕ್ಕಿಕಾಳು ಬಿದ್ದ ಮೇಲೆ.

“ಗಾಡ್ಯಾಗ ಕೂಸಿಲ್ಲ, ಯಾಕ ಹಿಂಗ ಹೊಡೀತೀರಿ?”

“ಹಿಂದ ಕುಂತವ್ರನ್ನೂ ಯಾರಾರ ಹಡದಿರ್ತಾರಲ್ಲ,” ಎಂದ.

ಸಾವಕಾಶ ಎಂಬ ಮಾತು ಅವಳ ಬಾಯಿಂದ ಬಿಟ್ಟೇ ಹೋಯಿತು.

ಹನ್ನೊಂದನೆಯ ತಿಂಗಳಲ್ಲಿ ಹುಕ್ಕೇರಿಯಲ್ಲಿ ಕೂಸಿನ ಜವಳ. ಮೊದಲ ಕೂದಲನ್ನು ಸೋದರಮಾವನ ತೊಡೆಯ ಮೇಲೆ ತೆಗೆಯಬೇಕು. ಮಾವ ಕುಳಿತಿದ್ದ, ಕತ್ತರಿಯವನು ಬಂದಿದ್ದ, ಕೂಸು ಅಳುತ್ತಿತ್ತು. ಅಪ್ಪನೇ ಇಲ್ಲ. ಉದ್ದವ್ವ ಹಿತ್ತಲಿಗೆ ಹೋಗಿ ಫೋನು ಹಚ್ಚಿದಳು. ಗೋಕಾಕ ದಾಟಿದ್ದೇನೆ ಎಂದ.

“ಎಲ್ಲಾರೂ ನಗಾಕತ್ತಾರ. ಇವತ್ತೊಂದಿನ ಆ ಎತ್ತಿನ ಬಂಡಿ ಬಿಟ್ಟು ಗಂಡಸರಂಗ ಗಾಡಿ ಹೊಡೀರಿ. ಲಗೂ ಬರ್ರಿ.”

“ಹೂಂ,” ಎಂದ.

ಕೊಣ್ಣೂರಿನ ಆಚೆ ಕಬ್ಬಿನ ಟ್ರ್ಯಾಕ್ಟರ್ ದಾಟಲು ಹೋದ. ಎದುರಿಗೆ ಲಾರಿ. ಅಲ್ಲೇ ಮುಗಿಯಿತು.

ಹುಟ್ಟಿ ವರ್ಷ ತುಂಬಲಿಲ್ಲ, ಅಪ್ಪನನ್ನು ನುಂಗಿತು, ಕೂಸಿನ ಕಾಲ್ಗುಣ ಎಂದರು ಜನ. ಭೀಮಶಿಯನ್ನು ಹೆತ್ತ ಯಲ್ಲಕ್ಕನೂ ಅದನ್ನೇ ಅಂದಳು. ಉದ್ದವ್ವ ಕೇಳಿಸಿಕೊಂಡಳು, ತುಟಿ ಬಿಚ್ಚಲಿಲ್ಲ. ಫೋನಿನಲ್ಲಿ ಅವಳ ಮಾತು ಕೇಳಿದ್ದವನು ಒಬ್ಬನೇ, ಅವನು ಇಲ್ಲ. ತನ್ನ ತಪ್ಪನ್ನು ಹಾಲು ಕುಡಿಯುವ ಕೂಸಿನ ಕಾಲಿಗೆ ಕಟ್ಟಿ ಮೂರು ವರ್ಷ ಉಂಡಳು, ಮಲಗಿದಳು.

ಮೊನ್ನೆ ಕಲ್ಲಪ್ಪ ಹೊಸ ಟಂಟಂ ತಂದ. ಓಣಿಯಲ್ಲೇ ಪೂಜೆ. ಕಾಯಿ ಒಡೆದು, ಗಾಲಿಯ ಕೆಳಗೆ ನಿಂಬೆಹಣ್ಣು ಇಟ್ಟರು. ನಾಲ್ಕು ವರ್ಷದ ವಿದ್ಯಾ ಓಡಿಹೋಗಿ ಒಂದು ಕಾಲು ಒಳಗಿಟ್ಟಳು. ಯಲ್ಲಕ್ಕ ರಟ್ಟೆ ಹಿಡಿದು ಎಳೆದಳು.

“ಇಳಿ! ನಿನ್ನ ಕಾಲು ನಮಗ ಸಾಕಾಗೇತಿ, ಅವ್ರ ಹೊಸಾ ಗಾಡಿಗ್ಯಾಕ?”

ಹುಡುಗಿ ಅಳಲಿಲ್ಲ. ಏನಾದರೂ ಮೆತ್ತಿದೆಯೇನೋ ಎಂದು ಪಾದ ಎತ್ತಿ ಅಡಿ ನೋಡಿಕೊಂಡಳು.

ಉದ್ದವ್ವನಿಗೆ ತಡೆಯಲಾಗಲಿಲ್ಲ.

“ಆಕಿ ಕಾಲಲ್ರಿ ಅತ್ತಿ. ನನ್ನ ಬಾಯಿ.”

ಹಿತ್ತಲಲ್ಲಿ ಅಂದದ್ದನ್ನು ಒಂದಕ್ಷರ ಬಿಡದೆ ಓಣಿಯ ಮುಂದೆ ಹೇಳಿದಳು. ಎತ್ತಿನ ಬಂಡಿ ಎಂದಾಗ ಕಲ್ಲಪ್ಪ ತಲೆ ತಗ್ಗಿಸಿದ. ಯಲ್ಲಕ್ಕ ಮೊಮ್ಮಗಳ ರಟ್ಟೆ ಬಿಟ್ಟಳು.

“ಅಂವಾ ಏನಂದ?”

“ಹೂಂ ಅಂದ್ರು.”

ಯಲ್ಲಕ್ಕ ಸೊಸೆಯ ಮುಖ ನೋಡಲಿಲ್ಲ. ಬಗ್ಗಿ ಮೊಮ್ಮಗಳನ್ನು ಎತ್ತಿ, ಹೊಸ ಗಾಡಿಯ ಸೀಟಿನ ಮೇಲೆ ತಾನೇ ಕೂಡಿಸಿದಳು. ಕಲ್ಲಪ್ಪ ಗಾಡಿ ಚಾಲೂ ಮಾಡಿ, ನಿಂಬೆಹಣ್ಣು ದಾಟಿಸಿ, ಓಣಿಯ ತುದಿಯವರೆಗೆ ನಡೆದುಹೋಗುವವರ ಹೆಜ್ಜೆಯಲ್ಲಿ ಒಯ್ದು ತಂದ.

ಕೂಸಿನ ಕಾಲಿನ ಮಾತು ಮನೆಯಲ್ಲಿ ಮತ್ತೆ ಏಳಲಿಲ್ಲ. ಆದರೆ ಉದ್ದವ್ವ ಬಡಿದ ರೊಟ್ಟಿಯನ್ನು ಯಲ್ಲಕ್ಕ ಇವತ್ತಿಗೂ ಮುಟ್ಟುವುದಿಲ್ಲ, ಬೇರೆ ಬಡಿದುಕೊಳ್ಳುತ್ತಾಳೆ. ಉದ್ದವ್ವ ಹಿಟ್ಟಿನ ಡಬ್ಬಿ ಮುದುಕಿಯ ಕೈಗೆ ಎಟುಕುವ ಹಾಗೆ ಸರಿಸಿಟ್ಟು ಹೊರಗೆ ಹೋಗುತ್ತಾಳೆ.