ಮೂರನೆಯ ಚರಣ

ಪಾದ್ರಿಯವರ ಮನೆಯಲ್ಲಿ ನೀಲಿ ಹೂವಿನ ಒಂದು ಹೊದಿಕೆಯಿತ್ತು. ಅದರ ಒಂದು ಮೂಲೆಯಲ್ಲಿ ಇಸ್ತ್ರಿಪೆಟ್ಟಿಗೆ ಸುಟ್ಟ ಕಂದು ಗುರುತು. ವರ್ಷವಿಡೀ ಮಂಚದ ಮೇಲಿರುತ್ತಿದ್ದ ಅದು ಜನವರಿಯ ಒಂದು ಶನಿವಾರ ಮಾತ್ರ ಕೋಲಾರದ ಚರ್ಚಿನ ಸಭಾಂಗಣದಲ್ಲಿ, ಹಗ್ಗದ ಮೇಲೆ, ಪರದೆಯಾಗಿ ತೂಗುತ್ತಿತ್ತು. ಆ ಪರದೆಯ ಹಿಂದೆ ಮುಖವನ್ನು ಗೋಡೆಗೂ ಕಿವಿಯನ್ನು ಸಭೆಗೂ ಕೊಟ್ಟು ಕೂರುವ ಭಾಗ್ಯ, ಎಪ್ಪತ್ತರ ದಶಕದ ಕೊನೆಯ ಕೆಲವು ವರ್ಷ, ನನ್ನದಾಗಿತ್ತು.

ನಾನು ಮುಳಬಾಗಿಲಿನ ಹೈಸ್ಕೂಲಿನಲ್ಲಿ ಕನ್ನಡ ಮೇಷ್ಟ್ರು. ಆವನಿ ಕಡೆಯ ರಾಗಿ ಬೆಳೆಯುವ ಮನೆಯವನು, ನಾಟಕದ ಹುಚ್ಚಿಗೆ ಹಾರ್ಮೋನಿಯಂ ಕಲಿತವನು. ಸುತ್ತಲಿನ ನಾಲ್ಕು ತಾಲ್ಲೂಕುಗಳ ಕ್ರೈಸ್ತ ಸಭೆಗಳು ಸೇರಿ ನಡೆಸುತ್ತಿದ್ದ ಭಕ್ತಿಗೀತೆಗಳ ಬಹುಮಾನದ ಹಬ್ಬಕ್ಕೆ ನನ್ನನ್ನೇ ಏಕೆ ತೀರ್ಪುಗಾರನಾಗಿ ಕರೆದರು ಎಂದು ನೀವು ಕೇಳಬಹುದು. ಪಾದ್ರಿಯವರು ನಗುತ್ತ ಹೇಳಿದ ಕಾರಣ ಇದು: "ನಿಮಗೆ ಯಾವ ಸಭೆಯೂ ಇಲ್ಲ ಮೇಷ್ಟ್ರೇ, ನಿಮ್ಮ ಮೇಲೆ ಮುನಿಸ್ಕೊಳ್ಳೋರೂ ಇಲ್ಲ." ಯಾರು ಹಾಡುತ್ತಿದ್ದಾರೆಂದು ನನಗೆ ತಿಳಿಯಬಾರದೆಂದೇ ಆ ಪರದೆ. ಆದರೆ ಪರದೆ ಮುಖವನ್ನು ಮುಚ್ಚುತ್ತದೆಯೇ ಹೊರತು ಊರನ್ನು ಮುಚ್ಚುವುದಿಲ್ಲ. ಮಾಲೂರಿನವರು ಅವಸರದಲ್ಲಿ ಹಾಡುತ್ತಿದ್ದರು, ಕೋಲಾರದವರು ತಮ್ಮದೇ ಮನೆಯೆಂಬಂತೆ ನಿಧಾನವಾಗಿ. ನಾನು ಏನೂ ತಿಳಿಯದವನಂತೆ ಅಂಕ ಬರೆಯುತ್ತಿದ್ದೆ.

ನಿಯಮ ಒಂದೇ, ಹಾಡು ಆದಿಯಿಂದ ಅಂತ್ಯದವರೆಗೆ ಕನ್ನಡದಲ್ಲಿರಬೇಕು. ಎರವಲು ಹಾಡುಗಳನ್ನು ಬಿಟ್ಟು ನಮ್ಮ ಸಭೆಗಳು ತಮ್ಮ ಹಾಡನ್ನು ತಾವೇ ಕಟ್ಟಲಿ ಎಂಬುದು ಹಿರಿಯರ ಆಸೆಯಾಗಿತ್ತು.

ಶ್ರೀನಿವಾಸಪುರ ತಾಲ್ಲೂಕಿನ, ಆಂಧ್ರದ ಗಡಿಗೆ ಹತ್ತಿರದ ರಾಯಲ್ಪಾಡಿನಿಂದ ಹತ್ತು ಹೆಂಗಸರ ತಂಡ ಕಟ್ಟಿಕೊಂಡು ಪ್ರತಿವರ್ಷ ಬರುತ್ತಿದ್ದವರು ರಾಹೇಲಮ್ಮ, ಅಲ್ಲಿಯ ಹೆರಿಗೆ ನರ್ಸು. ಏಳು ವರ್ಷ ಬಂದರೂ ಮೊದಲ ಬಹುಮಾನದ ಷೀಲ್ಡ್ ಸಿಕ್ಕಿರಲಿಲ್ಲ. ಎಂಟನೆಯ ವರ್ಷ, ಹಬ್ಬದ ಬೆಳಿಗ್ಗೆ, ಚರ್ಚಿನ ಅಂಗಳದಲ್ಲಿ ಸಿಕ್ಕಿ, "ಇದೇ ಕೊನೇದು ಮೇಷ್ಟ್ರೇ, ಬೀದರ್ ಕಡೆ ವರ್ಗ ಮಾಡವ್ರೆ," ಎಂದರು. "ಹೋಗೋದ್ರೊಳಗೆ ಆ ಷೀಲ್ಡ್‌ನ ನಮ್ಮ ಪ್ರಾರ್ಥನೆ ಮನೆ ಗೋಡೆ ಮೇಲೆ ಒಂದ್ಸಲ ನೋಡ್ಬೇಕು ಅಂತ ಆಸೆ. ನಿಮ್ಮನ್ನೇನೂ ಕೇಳ್ತಿಲ್ಲ, ಸುಮ್ನೆ ಹೇಳ್ದೆ ಅಷ್ಟೆ."

ಅಂದು ಅವರು ಹಾಡಿದ್ದು ತಾವೇ ಕಟ್ಟಿದ ಹಾಡು. ತಪ್ಪಿಸಿಕೊಂಡ ಕುರಿಯನ್ನು ಕುರುಬನೊಬ್ಬ ಗುಡ್ಡದಿಂದ ಗುಡ್ಡಕ್ಕೆ ಕೂಗುತ್ತ ಹೋಗುತ್ತಾನೆ; ಮೂರನೆಯ ಚರಣದಲ್ಲಿ ಕುರಿಗೆ ತನ್ನ ಹೆಸರು ಕೇಳಿಸುತ್ತದೆ. ಆ ಚರಣ ಬಂದಾಗ ಗೋಡೆಯ ಮುಂದೆ ಕೂತ ನಾನು ಅತ್ತುಬಿಟ್ಟೆ. ಅಂಕಪಟ್ಟಿ ಒದ್ದೆಯಾಯಿತು. ಷೀಲ್ಡ್ ರಾಯಲ್ಪಾಡಿಗೆ ಎಂದು ನಾನು ಸಾರುತ್ತಿದ್ದಂತೆ ಆ ಹತ್ತು ಮಂದಿ ಕುಣಿದಾಡಿದರು.

ಆಗ ಮಾಲೂರು ತಂಡದ ಪ್ರಭಾಕರ ಎದ್ದು ನಿಂತ. ಧಾರವಾಡದ ಕಡೆಯಿಂದ ವರ್ಷದ ಹಿಂದೆ ಬಂದಿದ್ದ ಅಂಚೆ ಗುಮಾಸ್ತ, ಮೆತ್ತಗಿನ ಮನುಷ್ಯ. "ತಪ್ಪು ತಿಳೀಬ್ಯಾಡ್ರಿ, ಮೂರನೇ ಚರಣ ಕನ್ನಡ ಅಲ್ರಿ, ತೆಲುಗು," ಎಂದ.

ಸಭಾಂಗಣದ ತುಂಬ ಗುಜುಗುಜು. ನನಗೆ ಸಿಟ್ಟೇ ಬಂತು. ಕನ್ನಡ ಮೇಷ್ಟ್ರಾದ ನನ್ನ ಕಿವಿಗೆ ಬೀಳದ್ದು ಇವನಿಗೆ ಬಿತ್ತೇ? ಬೇರೆ ಯಾರಿಗಾದರೂ ಹಾಗೆನಿಸಿತೇ ಎಂದು ಸಭೆಯನ್ನು ಕೇಳಿದೆ. ಒಂದು ಕೈಯೂ ಏಳಲಿಲ್ಲ. ಹಾಡಿದವರಿಗೇ ಗೊತ್ತಿರಲಿಲ್ಲ. ರಾಹೇಲಮ್ಮ ತುಟಿಯಲ್ಲೇ ಆ ಸಾಲುಗಳನ್ನು ಮತ್ತೊಮ್ಮೆ ಅಂದುಕೊಂಡರು, ಮುಖ ಬಿಳಿಚಿತು.

"ಅಯ್ಯೋ ದೇವ್ರೇ, ಹೌದು," ಎಂದರು. "ಹೆರಿಗೆ ನೋವಲ್ಲಿರೋ ಹೆಂಗಸ್ರಿಗೆ ಅಂತ ಮೊದಲು ಕಟ್ಟಿದ್ದೇ ಈ ಚರಣ. ಅವ್ರಿಗೆ ತೆಲುಗಲ್ಲೇ ಹಾಡ್ತಿದ್ದೆ, ಇವ್ರೆಲ್ಲ ತಮ್ಮ ಹೆರಿಗೇಲಿ ಕೇಳಿದ್ದೂ ಅದೇ. ಇಲ್ಲಿಗೇಂತ ಕನ್ನಡ ಮಾಡಿ ಕಲಿಸಿದ್ದೆ, ಬಾಯಿಗೆ ಹಳೇದೇ ಬಂದ್ಬಿಟ್ಟಿದೆ."

ಜೊತೆಯ ಹತ್ತೂ ಮಂದಿ ಒಂದು ಸ್ವರವೂ ತಪ್ಪದೆ ಅವರ ಹಿಂದೆಯೇ ಗಡಿ ದಾಟಿದ್ದರು. ನಾವೂ ದಾಟಿದ್ದೆವು. ನಮ್ಮ ಸೀಮೆಯ ಬಾಳೇ ಹಾಗಲ್ಲವೇ? ನನ್ನ ಅವ್ವ ಬೈಯುತ್ತಿದ್ದುದು ಕನ್ನಡದಲ್ಲಿ, ತಲೆ ಸವರಿ ಮಲಗಿಸುತ್ತಿದ್ದುದು ತೆಲುಗಿನಲ್ಲಿ. ಯಾವುದು ಎಲ್ಲಿ ಮುಗಿಯಿತೆಂದು ನಾನು ಎಂದೂ ಲೆಕ್ಕವಿಟ್ಟವನಲ್ಲ.

"ನಮಗ್ಯಾರಿಗೂ ತಿಳೀದೇ ಇದ್ದದ್ದು ನಿಮಗೆ ಹೇಗಪ್ಪ ತಿಳೀತು?" ಎಂದು ಪಾದ್ರಿಯವರು ಕೇಳಿದರು.

"ನನಗ ಒಂದಕ್ಷರ ತಿಳೀಲಿಲ್ರೀ, ಅದಕ್ಕ ಗೊತ್ತಾತು," ಎಂದ ಪ್ರಭಾಕರ. "ಕುರಿ ಸಿಕ್ಕಿತೋ ಇಲ್ಲೋ ಅಂತ ಈಗೂ ಗೊತ್ತಿಲ್ಲ."

ಕೆಲವರು ನಕ್ಕರು. ನಿಯಮವನ್ನು ಮಡಿಚಿ ಜೇಬಿಗಿಟ್ಟುಕೊಳ್ಳಲು ನಾನು ಸಿದ್ಧನಾಗಿಯೇ ಇದ್ದೆ. ಆದರೆ ರಾಹೇಲಮ್ಮ ನಗಲಿಲ್ಲ. ಇಷ್ಟೂ ಜನರ ನಡುವೆ ಆ ಒಬ್ಬ ಮಾತ್ರ ಕುರಿಯನ್ನು ಗುಡ್ಡದಲ್ಲೇ ಬಿಟ್ಟು ಕೂತಿದ್ದಾನೆಂಬುದು ಅವರಿಗೆ ನಾಟಿತ್ತು. "ಷೀಲ್ಡ್ ಕೋಲಾರದವ್ರಿಗೆ ಕೊಡಿ ಮೇಷ್ಟ್ರೇ, ಅವ್ರೂ ಚೆನ್ನಾಗಿ ಹಾಡವ್ರೆ," ಎಂದು ನನಗೆ ಹೇಳಿ, ಪ್ರಭಾಕರನ ಬೆಂಚಿನ ಮುಂದೆ ಹೋಗಿ ನಿಂತು, ಮೂರನೆಯ ಚರಣವನ್ನು ಅವನೊಬ್ಬನಿಗಾಗಿ ಕನ್ನಡದಲ್ಲಿ ಹಾಡಿದರು. ಕುರಿ ಸಿಕ್ಕಿತು. ಅವನು ಕನ್ನಡಕ ತೆಗೆದು ಕಣ್ಣು ಒರೆಸಿಕೊಂಡ.

ಷೀಲ್ಡನ್ನು ಕೋಲಾರದವರ ಕೈಗೆ ಕೊಡುವಾಗ ರಾಹೇಲಮ್ಮನ ಕಣ್ಣು ಒಮ್ಮೆ ಅದರ ಕಡೆ ಹೋಗಿ ಬಂದದ್ದನ್ನು ನೋಡಿದೆ. ಆದರೂ ಹೇಳುತ್ತೇನೆ, ನಾನು ಕೊಟ್ಟ ತೀರ್ಪುಗಳಲ್ಲಿ ಮನಸ್ಸಿಗೆ ನೆಮ್ಮದಿ ತಂದದ್ದು ಅದೊಂದೇ, ಮತ್ತು ಅದನ್ನು ಕೊಟ್ಟವನು ನಾನಲ್ಲ.

ಊಟ ಮುಗಿಸಿ ಬಸ್ ನಿಲ್ದಾಣಕ್ಕೆ ಹೋದಾಗ ಶ್ರೀನಿವಾಸಪುರದ ಬಸ್ಸಿಗೆ ಆ ಹೆಂಗಸರು ಕಾಯುತ್ತಿದ್ದರು. ಪ್ರಭಾಕರನೂ ಅಲ್ಲಿದ್ದ. ಮಾಲೂರಿನ ಬಸ್ಸು ಹೊರಟುಹೋಗಿದ್ದರೂ ಅವನಿಗೆ ಅದರ ಪರಿವೆಯಿರಲಿಲ್ಲ. ರಾಹೇಲಮ್ಮ ಆ ಮೂರನೆಯ ಚರಣದ ಒಂದೊಂದೇ ಪದ ಬಿಡಿಸಿ ಹೇಳುತ್ತಿದ್ದರು, ಅವನು ತನ್ನ ಧಾರವಾಡದ ನಾಲಿಗೆಯಲ್ಲಿ ತಡವರಿಸುತ್ತ ಒಪ್ಪಿಸುತ್ತಿದ್ದ. ಅವರ ಬಸ್ಸು ಬರುವಷ್ಟರಲ್ಲಿ, ತೆಲುಗಿನಲ್ಲಿ, ಅವನಿಗೆ ಎರಡು ಸಾಲು ಬಂದಿತ್ತು.