ಅರ್ಧ ಪ್ರದಕ್ಷಿಣೆ

ಬುಕಿತ್ ಬಾಟೋಕ್‌ನ ನಮ್ಮ ಬ್ಲಾಕಿನ ಲಿಫ್ಟಿನೊಳಗೆ ಫೋನಿಗೆ ಸಿಗ್ನಲ್ ಸಿಗುವುದಿಲ್ಲ. ಮೊದಲಿನಿಂದಲೂ ಹಾಗೇ, ನಾವ್ಯಾರೂ ತಲೆ ಕೆಡಿಸಿಕೊಂಡಿರಲಿಲ್ಲ. ಈಗ ಅದರ ಬಾಗಿಲು ತೆರೆದಾಗಲೆಲ್ಲ ನಾನು ಒಂದು ಕ್ಷಣ ಹೊರಗೇ ನಿಲ್ಲುತ್ತೇನೆ. ಕೈಯಲ್ಲಿ ಫೋನ್ ಇಲ್ಲದಿದ್ದರೂ ನಿಲ್ಲುತ್ತೇನೆ.

ಆ ಶನಿವಾರ ಮಧ್ಯಾಹ್ನ ನಾನೂ ಮಗಳೂ ತರಕಾರಿ ಚೀಲ ಹಿಡಿದು ಕಟ್ಟಡದ ಕೆಳಗಿನ ಗೋಡೆಯಿಲ್ಲದ ತೆರೆದ ಜಾಗ, ವಾಯ್ಡ್ ಡೆಕ್, ದಾಟಿ ಲಿಫ್ಟಿನ ಹತ್ತಿರ ಬಂದಾಗ ಅಮ್ಮನ ವಿಡಿಯೋ ಕಾಲ್ ಬಂತು. ಅಮ್ಮ ಮತ್ತು ನನ್ನ ಗಂಡ ಮೆಡಿಟರೇನಿಯನ್ ದಂಡೆಯ ಒಂದು ಪುರಾತನ ಬಂದರು ನಗರದಲ್ಲಿದ್ದರು. ನಾಲ್ವರೂ ಹೋಗಬೇಕಿತ್ತು. ಮಗಳ ಪರೀಕ್ಷೆ ಹತ್ತಿರ ಬಂದು ನಾವಿಬ್ಬರು ಉಳಿದೆವು. ಅಮ್ಮ ಮಾತ್ರ ಹೋಗಲೇಬೇಕೆಂದು ಹಟ ಹಿಡಿದರು. ಮೈಸೂರಿನ ಹೈಸ್ಕೂಲಿನಲ್ಲಿ ನಿವೃತ್ತಿಯವರೆಗೂ ಇತಿಹಾಸ ಹೇಳಿಕೊಟ್ಟವರು. ಬೋರ್ಡಿನ ಮೇಲೆ ಸೀಮೆಸುಣ್ಣದಲ್ಲಿ ಆ ಸಮುದ್ರವನ್ನು ಎಷ್ಟು ಸಲ ಬರೆದು ಒರೆಸಿದ್ದರೋ.

"ನೋಡೇ, ನೋಡೇ," ಎಂದರು ಅಮ್ಮ. ತಲೆಗೆ ಸ್ಕಾರ್ಫ್ ಸುತ್ತಿಕೊಂಡಿದ್ದರು, ಗಾಳಿಗೆ ಅದರ ತುದಿ ಮುಖಕ್ಕೆ ಬಡಿಯುತ್ತಿತ್ತು. "ರಸ್ತೆ ನೋಡು, ಕಲ್ಲಿನ ಮೇಲೆ ಗಾಡಿ ಚಕ್ರದ ಗುರುತು ಇನ್ನೂ ಇದೆ. ನಮ್ಮ ಕಾರ್ಪೊರೇಷನ್ನೋರು ಹಾಕಿದ ಟಾರು ಒಂದು ಮಳೆ ತಡೆಯಲ್ಲ."

ಅವರ ಒಂದು ಕಿವಿಯಲ್ಲಿ ಟೂರಿನವರು ಕೊಟ್ಟ ಇಯರ್‌ಫೋನ್ ಇತ್ತು. ಇನ್ನೊಂದು ಎದೆಯ ಮೇಲೆ ನೇತಾಡುತ್ತಿತ್ತು. ಮುಂದೆ ಹಳದಿ ಕೊಡೆ ಎತ್ತಿ ಹಿಡಿದು ನಡೆಯುವ ಗೈಡ್ ಹುಡುಗಿ ಮೈಕಿನಲ್ಲಿ ಹೇಳಿದ್ದೆಲ್ಲ ಆ ಯಂತ್ರದ ಮೂಲಕ ಎಲ್ಲರ ಕಿವಿಗೂ ಬರುತ್ತದೆ. ನೇತಾಡುವ ಇಯರ್‌ಫೋನಿನಿಂದ ಅವಳ ಇಂಗ್ಲಿಷು ಸಣ್ಣಗೆ ನನಗೂ ಕೇಳುತ್ತಿತ್ತು. ಇದು ದೇವಸ್ಥಾನ, ಯಾವ ದೇವರದೆಂದು ಖಚಿತವಾಗಿ ಹೇಳಲಾಗದು, ಈಗ ಬಂದರಿನ ಕಡೆ ಹೋಗೋಣ ಎನ್ನುತ್ತಿದ್ದಳು.

ಮೂರು ಕಂಬ, ಒಂದು ಎತ್ತರದ ಕಲ್ಲಿನ ಜಗಲಿ. ಉಳಿದಿದ್ದು ಅಷ್ಟೇ. ಗುಂಪು ಮುಂದೆ ಸರಿಯಿತು. ಅಮ್ಮ ಬಗ್ಗಿದರು. ತೆರೆಯ ಮೇಲೆ ಆಕಾಶ, ಆಮೇಲೆ ಹುಲ್ಲು, ಆಮೇಲೆ ಅವರ ಬಿಳಿ ಶೂ.

"ಶೂ ಯಾಕಮ್ಮ ಬಿಚ್ತಿದ್ದೀಯ?"

"ದೇವಸ್ಥಾನ ಅಂತ ಹೇಳಿದ್ಲಲ್ಲ. ಒಂದು ಸುತ್ತು ಹಾಕ್ಕೊಂಡು ಹೋಗ್ತೀನಿ."

"ದೇವರೇ ಇಲ್ವಲ್ಲಮ್ಮ ಅಲ್ಲಿ!"

"ಇಲ್ಲ ಅಂತ ನಿಂಗ್ಯಾರು ಹೇಳಿದ್ರು? ಯಾವ್ದು ಅಂತ ಗೊತ್ತಿಲ್ಲ ಅಂದ್ಲು ಅಷ್ಟೆ."

ನಾನೂ ಮಗಳೂ ನಕ್ಕೆವು. ಲಿಫ್ಟ್ ಬಂತು. ಪ್ರತಿದಿನ ವಾಯ್ಡ್ ಡೆಕ್ಕಿನ ಕಲ್ಲಿನ ಮೇಜಿನಲ್ಲಿ ಚೆಸ್ ಆಡುವ ಚೀನೀ ಅಂಕಲ್ ಒಳಗೆ ಹೋಗಿ ಬಾಗಿಲು ಹಿಡಿದು ನಿಂತರು. "ಗೋಯಿಂಗ್ ಅಪ್ ಆರ್ ನಾಟ್?" ನಾನು ಇಲ್ಲವೆಂದು ತಲೆಯಾಡಿಸಿದೆ, ಕಾಲ್ ಕಟ್ ಆದೀತೆಂದು ಅಷ್ಟೇ, ಬೇರೆ ಯಾವ ಕಾರಣಕ್ಕೂ ಅಲ್ಲ. ಆಗಿನ್ನೂ ನನಗೆ ಯಾವ ಹೆದರಿಕೆಯೂ ಇರಲಿಲ್ಲ.

ಅಮ್ಮ ಜಗಲಿಯನ್ನು ಬಲಕ್ಕಿಟ್ಟುಕೊಂಡು ಹೊರಟರು. ನನಗೂ ಕಾಣಲೆಂದು ಫೋನನ್ನು ಮುಂದಕ್ಕೆ ಹಿಡಿದಿದ್ದರು. ಮೊದಲ ಮೂಲೆ ತಿರುಗಿದಾಗ ಗೈಡಿನ ದನಿಗೆ ಗೊರಗೊರ ಸೇರಿಕೊಂಡಿತು. ಎರಡನೆಯ ಮೂಲೆ ತಿರುಗಿದ್ದೇ ದನಿ ನಿಂತುಹೋಯಿತು. ಅದರ ಜಾಗದಲ್ಲಿ ಅಲೆಯ ಸದ್ದು ಬಂತು, ತುಂಬಾ ಕೆಳಗಿನಿಂದ.

ಬಲಗಡೆ ಜಗಲಿಯ ಗೋಡೆ. ಎಡಗಡೆ ಏನೂ ಇಲ್ಲ. ನಡುವೆ ಒಬ್ಬರು ನಡೆಯುವಷ್ಟು ಕಲ್ಲುಹಾಸು. ಗಾಳಿಗೆ ಕಿತ್ತುಹೋದ ಕೆಂಪು ಬಿಳಿ ಪಟ್ಟಿಯೊಂದು ಕಂಬಿಗೆ ಸಿಕ್ಕಿ ಪಟಪಟ ಬಡಿಯುತ್ತಿತ್ತು. ಅದು ಯಾತಕ್ಕೆ ಕಟ್ಟಿದ್ದೆಂದು ನನಗೆ ಹೊಳೆಯುವಷ್ಟರಲ್ಲಿ ಅಮ್ಮ ಅದನ್ನು ದಾಟಿಯಾಗಿತ್ತು. ಸ್ವಲ್ಪ ಮುಂದೆ ಹಾಸು ತುಂಡಾಗಿತ್ತು. ಅದರಾಚೆ ನೀಲಿ, ಆಮೇಲೆ ಮತ್ತೆ ಹಾಸು.

ಇದನ್ನು ನಾನು ಮನಸ್ಸಿನಲ್ಲಿ ದಿನಕ್ಕೆ ಎಷ್ಟೋ ಸಲ ಮತ್ತೆ ನೋಡುತ್ತೇನೆ. ಚಾಂಗಿಯ ಆಫೀಸಿನಲ್ಲಿ ಮೀಟಿಂಗ್ ನಡುವೆ, ಮನೆಗೆ ಬರುವ ರೈಲಿನಲ್ಲಿ. ಪ್ರತಿಸಲವೂ ನನ್ನನ್ನು ಕೊರೆಯುವುದು ಒಂದೇ: ಅಮ್ಮ ದಾರಿಯನ್ನು ನೋಡುತ್ತಿರಲಿಲ್ಲ. ಫೋನನ್ನು ನೋಡುತ್ತಿದ್ದರು. ನಾನು ಕೂಗಿದರೆ ಇನ್ನಷ್ಟು ಫೋನನ್ನೇ ನೋಡುತ್ತಾರೆ. ಕೂಗದಿದ್ದರೆ ನಡೆಯುತ್ತಾರೆ.

"ಅಮ್ಮ, ನಿಂತ್ಕೊ. ಗೋಡೆ ಹಿಡ್ಕೊ. ಫೋನ್ ನೋಡ್ಬೇಡ."

ನಿಂತರು. ಫೋನ್ ಕೆಳಕ್ಕೆ ವಾಲಿತು. ಕಾಲುಚೀಲದ ಪಾದಗಳು ಕಂಡವು. ಕಲ್ಲು ಒದ್ದೆಯಾಗಿ ಹೊಳೆಯುತ್ತಿತ್ತು. ಬೆರಳ ತುದಿಯಿಂದ ಒಂದು ಹರಳು ಉರುಳಿ ಅಂಚು ದಾಟಿತು. ಬಿದ್ದ ಸದ್ದು ಬರಲಿಲ್ಲ.

"ಹಂಗೇ ಹಿಂದಕ್ಕೆ ತಿರುಗಿ ಬಂದ್ಬಿಡಮ್ಮ."

"ಅರ್ಧಕ್ಕಾ? ಅಪ್ರದಕ್ಷಿಣೆ ಆಗುತ್ತೆ ಕಣೆ. ಇಲ್ಲೊಂದು ಚೂರು ಬಿಟ್ಟಿದೆ, ದಾಟಿದ್ರೆ ಮುಗೀತು."

"ದಾಟ್ಬೇಡ!"

"ಯಾಕೆ ಅರಚ್ತೀಯ? ನಂಗೇನ್ ಕಿವುಡಾ?"

ಮಗಳು ತನ್ನ ಫೋನಿನಿಂದ ಅಪ್ಪನಿಗೆ ಕರೆ ಮಾಡುತ್ತಲೇ ಇದ್ದಳು. "ಅಪ್ಪ ನಾಟ್ ಪಿಕಿಂಗ್ ಅಪ್ ಲಾ, ಅಮ್ಮ. ಹೌ?" ಅವನ ಕಿವಿಯಲ್ಲಿ ಗೈಡ್ ಇದ್ದಳು, ಫೋನು ಸೈಲೆಂಟಿನಲ್ಲಿ ಜೇಬಿನೊಳಗಿತ್ತು. ಅತ್ತೆ ಬೆನ್ನ ಹಿಂದೆಯೇ ಬರುತ್ತಿದ್ದಾರೆಂದು ನಂಬಿ ಅವನು ಬಂದರಿನ ಕಡೆ ಇಳಿಯುತ್ತಿದ್ದ.

ಅಮ್ಮ ಪಾದ ಎತ್ತಿದ್ದು ಕಂಡಿತು. ಮಂಡಿಯ ಆಪರೇಷನ್ ಆದ ಕಾಲು ಅದು. ನಮ್ಮ ಮನೆಯ ಬಚ್ಚಲ ಹೊಸ್ತಿಲು ದಾಟುವಾಗಲೂ ಅವರು ನನ್ನ ಭುಜ ಹಿಡಿಯುತ್ತಾರೆ.

ಆಗ ಅದು ಕಣ್ಣಿಗೆ ಬಿತ್ತು. ಜಗಲಿಯ ಬುಡದಿಂದ ಒಂದು ಕಲ್ಲಿನ ದೋಣಿ ನಾಲಿಗೆಯಂತೆ ಹೊರಚಾಚಿತ್ತು. ಮೇಲೆ ಬಿದ್ದ ನೀರು ಸಮುದ್ರಕ್ಕೆ ಹೋಗಲೆಂದು ಯಾರೋ ಕೊರೆದ ಚರಂಡಿ. ಅದು ಅಮ್ಮನ ಪಾದಕ್ಕೂ ಆ ಬಿರುಕಿಗೂ ನಡುವೆ ಇತ್ತು.

ನಾನು ಏಳೆಂಟು ವರ್ಷದವಳಿದ್ದಾಗ ಮೈಸೂರಿನ ನಮ್ಮ ಬೀದಿಯ ಈಶ್ವರನ ಗುಡಿಯಲ್ಲಿ ಓಡಿ ಓಡಿ ಸುತ್ತು ಹಾಕುತ್ತಿದ್ದೆ. ಅಭಿಷೇಕದ ನೀರು ಹೊರಬರುವ ಜಾಗದಲ್ಲಿ ಅಮ್ಮ ರಟ್ಟೆ ಹಿಡಿದು ಎಳೆದಿದ್ದರು. ಸೋಮಸೂತ್ರ ದಾಟಬಾರದು, ಈಶ್ವರನಿಗೆ ಅಲ್ಲಿಂದಲೇ ವಾಪಸ್ ತಿರುಗಬೇಕು ಎಂದು. ಆ ಹಿಡಿತದ ನೋವು ನನಗೆ ಈಗಲೂ ಗೊತ್ತು.

"ಅಮ್ಮ," ಎಂದೆ. ದನಿ ತಗ್ಗಿಸಿದೆ, ಹೇಗೆ ತಗ್ಗಿತೋ. "ಕಾಲ ಹತ್ರ ನೋಡು. ನೀರು ಹೋಗೋ ದಾರಿ ಇದೆ. ಸೋಮಸೂತ್ರ. ದಾಟ್ತೀಯಾ?"

ಪಾದ ಕೆಳಗಿಳಿಯಿತು.

"ಇದು ಈಶ್ವರಂದು ಅಂತ ಯಾರು ಹೇಳಿದ್ರು?"

"ಅಲ್ಲ ಅಂತ ಯಾರು ಹೇಳಿದ್ರು?"

ಗಾಳಿಯ ಸದ್ದು. ಅಮ್ಮ ಯೋಚಿಸುತ್ತಿದ್ದರು. ಅಷ್ಟು ಹೊತ್ತು ಯೋಚಿಸಬೇಕಿತ್ತೇ ಎಂದು ಈಗಲೂ ಸಿಟ್ಟು ಬರುತ್ತದೆ.

"ಹೌದಲ್ವಾ," ಎಂದರು ಕೊನೆಗೆ.

"ಫೋನ್ ಬ್ಯಾಗಿಗೆ ಹಾಕು. ಎರಡು ಕೈಯಲ್ಲೂ ಗೋಡೆ ಹಿಡಿ. ಗೋಡೆ ಕಡೆ ಮುಖ ಮಾಡಿ ತಿರುಗು."

ತೆರೆ ಕಪ್ಪಾಯಿತು. ಜಿಪ್ಪಿನ ಸದ್ದು. ಬಟ್ಟೆ ಕಲ್ಲಿಗೆ ಉಜ್ಜುವ ಸದ್ದು. ಅಮ್ಮ ಏನೋ ಗುನುಗುತ್ತಿದ್ದರು, ಶಿವನ ಹೆಸರೋ ನನಗೆ ಬೈಗುಳವೋ. ಒಮ್ಮೆ ಏನೋ ಜಾರಿದ ಸದ್ದಾಯಿತು, ಗುನುಗು ನಿಂತಿತು. ಮಗಳ ಉಗುರು ನನ್ನ ತೋಳಿಗೆ ನಾಟಿತು. ಬಾಯಿ ತೆರೆದೆ, ಮುಚ್ಚಿದೆ. ಕರೆದರೆ ಅಮ್ಮ ಬ್ಯಾಗಿಗೆ ಕೈ ಹಾಕಿಯಾರು. ಲಿಫ್ಟ್ ಕೆಳಗೆ ಬಂದು ಬಾಗಿಲು ತೆರೆಯಿತು, ಮುಚ್ಚಿತು.

ಆಮೇಲೆ ಬ್ಯಾಗಿನ ಕತ್ತಲೆಯೊಳಗೆ ಗೊರಗೊರ ಶುರುವಾಯಿತು. ಅದರ ನಡುವೆ ಒಂದು ಇಂಗ್ಲಿಷ್ ಪದ, ಇನ್ನೊಂದು. ಗೈಡಿನ ದನಿ ಹತ್ತಿರ ಬರುತ್ತಿತ್ತು. ಅಂದರೆ ಅಮ್ಮ ಮೂಲೆ ತಿರುಗಿದ್ದರು. ಅಂದರೆ ಬಲಗಾಲಿನ ಕೆಳಗೂ ಎಡಗಾಲಿನ ಕೆಳಗೂ ನೆಲವಿತ್ತು. ಯಾರದೋ ಶೂ ಇಲ್ಲಿ ಬಿದ್ದಿದೆ, ಇದು ಯಾರದು, ದಯವಿಟ್ಟು ಹೇಳಿ ಎಂದು ಅವಳು ಮತ್ತೆ ಮತ್ತೆ ಕೇಳುತ್ತಿದ್ದಳು. ತಲೆ ಎಣಿಸಿ ಒಬ್ಬರು ಕಡಿಮೆಯಾಗಿ, ಹುಡುಕುತ್ತ ಹಿಂದಕ್ಕೆ ಬಂದಿದ್ದಳಂತೆ.

"ಅಯ್ಯೋ, ನನ್ನ ಶೂ ಯಾಕೆ ಮುಟ್ಟಿದೀಯ ಮಗು, ಕೆಳಗಿಡು," ಎಂದು ಅಮ್ಮ ಕನ್ನಡದಲ್ಲೇ ಹೇಳಿದ್ದು ಕೇಳಿಸಿತು.

ನಾನು ವಾಯ್ಡ್ ಡೆಕ್ಕಿನ ನೆಲದ ಮೇಲೆ ಕುಳಿತಿದ್ದೆ. ಚೆಸ್ ಅಂಕಲ್ ಮತ್ತೆ ಕೆಳಗೆ ಬಂದಿದ್ದರು. ಉರುಳಿಹೋದ ಈರುಳ್ಳಿಗಳನ್ನು ಆಯ್ದು ಚೀಲಕ್ಕೆ ಹಾಕುತ್ತಿದ್ದರು.

ಅವತ್ತು ಸಂಜೆ ಗಂಡ ಬಂದರಿನಿಂದ ತೆಗೆದ ಒಂದು ಫೋಟೋ ಕಳಿಸಿದ. ಬಂಡೆಯ ತುದಿಯಲ್ಲಿ ಮೂರು ಕಂಬ, ಹಿಂದೆ ಆಕಾಶ, ಸುಂದರವಾಗಿದೆ. ದೊಡ್ಡದು ಮಾಡಿದರೆ ಕಲ್ಲಿನ ದೋಣಿ ಕಾಣುತ್ತದೆ. ಅಮ್ಮ ನಿಂತಿದ್ದ ಹಾಸಿನ ಕೆಳಗೆ ಬಂಡೆಯೇ ಇಲ್ಲ. ಅಲೆಗಳು ತಿಂದುಹಾಕಿವೆ. ಬಾಗಿಲ ಮೇಲಿನ ಸಜ್ಜದಂತೆ ಒಂದು ತೆಳು ಕಲ್ಲು ಗಾಳಿಯಲ್ಲಿ ಚಾಚಿಕೊಂಡಿದೆ. ಅದನ್ನು ಅಮ್ಮನಿಗೆ ನಾನೂ ಗಂಡನೂ ತೋರಿಸಿಲ್ಲ.

ಅಮ್ಮ ವಾಪಸ್ ಬಂದ ಮೇಲೆ ಕನ್ನಡದ ಗೆಳತಿಯರು ಮನೆಗೆ ಬಂದಾಗಲೆಲ್ಲ ಆ ದೇವಸ್ಥಾನದ ಕಥೆ ಹೇಳುತ್ತಾರೆ. ಅವರ ಕಥೆಯಲ್ಲಿ ಕಂಬಗಳಿವೆ, ಸಮುದ್ರದ ಬಣ್ಣವಿದೆ, ಶೂ ಹಿಡಿದು ನಿಂತ ಹುಡುಗಿ ಇದ್ದಾಳೆ. ಬಿರುಕು ಇಲ್ಲ.

ಮೊನ್ನೆ ಅಡುಗೆಮನೆಯಲ್ಲಿ ಅಮ್ಮ ಮೆಂತ್ಯ ಸೊಪ್ಪು ಬಿಡಿಸುತ್ತಿದ್ದಾಗ ಮಗಳು ಕೇಳಿದಳು: "ಅಜ್ಜಿ, ಆ ಡ್ರೈನ್ ಇರ್ಲಿಲ್ಲ ಅಂದಿದ್ರೆ ವಾಟ್ ವುಡ್ ಯು ಡು?"

"ಇನ್ನೇನ್ ಮಾಡ್ತಾರೆ? ಸುತ್ತು ಪೂರ್ತಿ ಮಾಡ್ತಿದ್ದೆ," ಎಂದರು ಅಮ್ಮ, ಕಡ್ಡಿಯನ್ನು ಒಂದು ಕಡೆಗೆ, ಎಲೆಯನ್ನು ಇನ್ನೊಂದು ಕಡೆಗೆ ಹಾಕುತ್ತ.

ನಾನು ಹೋಗಿ ಅವರ ರಟ್ಟೆ ಹಿಡಿದುಕೊಂಡೆ.

"ಏನೇ ಇದು? ಬಿಡು, ನೋವಾಗುತ್ತೆ," ಎಂದರು.